ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

ಈ ನಾಡಿನ ದಲಿತರ ಬಗ್ಗೆ ಅತಿ ಹೆಚ್ಚು ಪುಟ ಬರೆದವರು ಯಾರು ಅಂತ ಕೇಳಿದರೆ ನಮ್ಮ ವಿಮರ್ಶಕರು ಕತೆಗಾರರ, ಕವಿಗಳ ಹೆಸರು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಆ ಕೀರ್ತಿ ಸಲ್ಲಬೇಕಾದ್ದು ಸ್ವಯಂಸೇವಾ ಸಂಸ್ಥೆಗಳ ವಾರ್ಷಿಕ ವರದಿ ಬರೆಯುವವರಿಗೆ. ನಮ್ಮ ಕೇರಿಯ ನಲ್ಲಿ, ನಮ್ಮ ಮಕ್ಕಳ ತೂಕ, ನಮ್ಮ ಹೆಂಗಸರ ರಕ್ತಹೀನತೆ, ನಮ್ಮ ಗಂಡಸರ ಕುಡಿತ ಎಲ್ಲವೂ ಅಲ್ಲಿ ದಾಖಲಾಗಿದೆ. ಅದೂ ಬಹುಪಾಲು ಇಂಗ್ಲಿಷಿನಲ್ಲಿ, ಬಣ್ಣದ ಫೋಟೋ ಸಮೇತ. ಈ ಬರಹವನ್ನು ಯಾರೂ ಸಾಹಿತ್ಯ ಅಂತ ಕರೆಯುವುದಿಲ್ಲವಾದ್ದರಿಂದ ವಿಮರ್ಶೆಯ ಕಣ್ಣು ಅದರ ಮೇಲೆ ಬಿದ್ದಿಲ್ಲ. ಆದರೆ ನಿರೂಪಕ ಯಾರು, ಅವನು ಎಲ್ಲಿ ನಿಂತು ನೋಡುತ್ತಿದ್ದಾನೆ, ಯಾರಿಗೆ ಹೇಳುತ್ತಿದ್ದಾನೆ ಎಂದು ಕಾದಂಬರಿಗೆ ಕೇಳುವ ಪ್ರಶ್ನೆಯನ್ನು ವರದಿಗೂ ಕೇಳಬೇಕಲ್ಲವೆ? ಕೇಳಿದರೆ ಅದು ಬಹಳ ಬೇಗ ಸಂಬಳದ ಪಟ್ಟಿಗೆ ಬಂದು ನಿಲ್ಲುತ್ತದೆ. ಕೆಲಸಕ್ಕೆ ಯಾರನ್ನು ತಗೊಂಡರು, ದುಡ್ಡನ್ನು ಯಾರನ್ನು ನಂಬಿ ಕೊಟ್ಟರು ಅನ್ನುವಲ್ಲಿಗೆ.

ಸಂಸ್ಥೆಗಳ ನೇಮಕಾತಿಯಲ್ಲಿ ನ್ಯಾಯ ಇರಬೇಕು, ದುಡ್ಡು ಕೊಡುವವರು ಪಡೆಯುವವರನ್ನು ನಂಬಬೇಕು ಎಂಬ ಮಾತು ಈಗ ಕಾರ್ಯಾಗಾರಗಳಲ್ಲಿ ಕೇಳಿಬರುತ್ತಿದೆ. ಹೊಸದಾಗಿ ಕಂಡುಹಿಡಿದ ವಿಷಯವೇನೋ ಎಂಬಂತೆ ಅದನ್ನು ಮಂಡಿಸುತ್ತಾರೆ. ಅದು ಹೊಸದಲ್ಲ. 1932ರಲ್ಲಿ ಬಾಬಾಸಾಹೇಬರು ಹಡಗಿನಲ್ಲಿ ಕೂತು ಬರೆದ ಒಂದು ಪತ್ರದಲ್ಲಿ ಆ ಪ್ರಶ್ನೆ ಇಡಿಯಾಗಿ ಇದೆ. ಅದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಓದೋಣ.

ಪೂನಾ ಒಪ್ಪಂದಕ್ಕೆ ಸಹಿ ಬಿದ್ದದ್ದು 1932ರ ಸೆಪ್ಟೆಂಬರ್ 24ರಂದು. ಇನ್ನೂ ಒಂದು ವಾರ ಕಳೆದಿರಲಿಲ್ಲ, ಸೆಪ್ಟೆಂಬರ್ 30ರಂದು ಮುಂಬಯಿಯಲ್ಲಿ ಮದನ ಮೋಹನ ಮಾಳವೀಯರ ಅಧ್ಯಕ್ಷತೆಯಲ್ಲಿ ಸಭೆ ಸೇರಿ ಅಸ್ಪೃಶ್ಯತಾ ವಿರೋಧಿ ಸಂಘವೊಂದನ್ನು ಕಟ್ಟಲಾಯಿತು. ಘನಶ್ಯಾಮದಾಸ ಬಿರ್ಲಾ ಅಧ್ಯಕ್ಷರು, ಅಮೃತಲಾಲ ಠಕ್ಕರ್, ಎಲ್ಲರೂ ಕರೆಯುವಂತೆ ಠಕ್ಕರ್ ಬಾಪಾ, ಕಾರ್ಯದರ್ಶಿ. ಸ್ವಲ್ಪ ಕಾಲದಲ್ಲೇ ಇದಕ್ಕೆ ಹರಿಜನ ಸೇವಕ ಸಂಘ ಎಂಬ ಹೆಸರು ಬಂತು. ಕೇಂದ್ರ ಮಂಡಳಿಯಲ್ಲಿ ಮೊದಲಿಗೆ ಅಂಬೇಡ್ಕರ್, ಎಂ.ಸಿ. ರಾಜಾ, ಆರ್. ಶ್ರೀನಿವಾಸನ್ ಇವರನ್ನೂ ಹಾಕಿಕೊಂಡಿದ್ದರು. ನವೆಂಬರಿನಲ್ಲಿ ಮೂರನೆಯ ದುಂಡುಮೇಜಿನ ಪರಿಷತ್ತಿಗೆ ಹೊರಟ ಅಂಬೇಡ್ಕರ್ ‘ವಿಕ್ಟೋರಿಯಾ’ ಹಡಗಿನಿಂದ 14ನೆಯ ತಾರೀಖು ಠಕ್ಕರ್ ಅವರಿಗೆ ಉದ್ದನೆಯ ಪತ್ರ ಬರೆದರು. ಸಂಘ ಏನು ಮಾಡಬೇಕು, ಯಾರಿಂದ ಮಾಡಿಸಬೇಕು ಎಂಬುದೇ ಅದರ ವಿಷಯ.

ಪತ್ರ ಎರಡು ದಾರಿಗಳನ್ನು ಎದುರುಬದುರು ಇಟ್ಟು ನೋಡುತ್ತದೆ. ಒಂದು, ಮನುಷ್ಯ ಕೆಳಗೆ ಬಿದ್ದಿರುವುದು ಅವನ ಗುಣದ ದೋಷದಿಂದ ಎಂದು ನಂಬಿ ಅವನನ್ನು ತಿದ್ದಲು ಹೊರಡುವ ದಾರಿ: ಪಾನನಿರೋಧ, ವ್ಯಾಯಾಮ, ವಾಚನಾಲಯ, ಶಾಲೆ. ಇನ್ನೊಂದು, ಅವನನ್ನು ಕೆಳಗೆ ತುಳಿದಿಟ್ಟಿರುವ ಸುತ್ತಲ ಸಮಾಜವನ್ನು ಮುಟ್ಟುವ ದಾರಿ. ಎರಡನೆಯದನ್ನು ಹಿಡಿಯಿರಿ ಅಂತ ಅವರು ಹೇಳಿದರು. ಊರಬಾವಿ, ಶಾಲೆ, ಚಾವಡಿ, ಬಂಡಿಗಳಲ್ಲಿ ಹಕ್ಕು ಸ್ಥಾಪಿಸುವ ಹೋರಾಟ ಮೊದಲು. ಆಮೇಲೆ ಕೆಲಸದಲ್ಲಿ ಸಮಾನ ಅವಕಾಶ. ಆಮೇಲೆ ಒಬ್ಬರ ಮನೆಗೊಬ್ಬರು ಹೋಗಿಬರುವ ಬಳಕೆ. ಇದರಲ್ಲಿ ಎರಡನೆಯ ಅಂಶವನ್ನು ನಮ್ಮವರು ಹೆಚ್ಚು ಗಮನಿಸಿಲ್ಲ. ಮುಂಬಯಿ ಗಿರಣಿಗಳಲ್ಲಿ ನೂಲುವ ಕಡೆ ಅಸ್ಪೃಶ್ಯರನ್ನು ಬಿಟ್ಟುಕೊಳ್ಳುತ್ತಿದ್ದರು, ಕೂಲಿ ಹೆಚ್ಚಿದ್ದ ನೇಯ್ಗೆ ಖಾತೆಗೆ ಬಿಡುತ್ತಿರಲಿಲ್ಲ. ಲಾಳಿಯ ಕಣ್ಣಿನಿಂದ ನೂಲನ್ನು ಬಾಯಲ್ಲಿ ಎಳೆದುಕೊಳ್ಳಬೇಕು, ಒಬ್ಬರ ಬಾಯಿಯ ನೂಲು ಇನ್ನೊಬ್ಬರ ಬಾಯಿಗೆ ಹೋಗುತ್ತದೆ, ಅದಕ್ಕೆ ಮೈಲಿಗೆ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲೇ ಅಂಬೇಡ್ಕರ್ ಈ ಬಾಗಿಲು ತೆರೆಯಬೇಕೆಂದು ಕಾರ್ಮಿಕ ನಾಯಕರನ್ನು ಒತ್ತಾಯಿಸಿದ್ದರು. ಈಗ ಅದೇ ಮಾತನ್ನು ಸುಧಾರಕರ ಮುಂದೆ ಇಟ್ಟರು. ನಿಮ್ಮ ಅಂಗಡಿ, ನಿಮ್ಮ ಕಚೇರಿ, ನಿಮ್ಮ ಗಿರಣಿಯಲ್ಲಿ ಕೆಲಸ ಕೊಡುವುದರಿಂದ ಶುರುಮಾಡಿ ಎಂದು. ಸಂಘದ ಅಧ್ಯಕ್ಷರು ಸ್ವತಃ ಗಿರಣಿ ಮಾಲೀಕರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಈ ಸಾಲುಗಳನ್ನು ಓದಬೇಕು.

ಪತ್ರದ ಕೊನೆಯ ಭಾಗ ನೌಕರರ ಬಗ್ಗೆ. ಕೆಲಸಕ್ಕೆ ದೊಡ್ಡ ಕಾರ್ಯಕರ್ತರ ಪಡೆ ಬೇಕು, ಅವರನ್ನು ಎಲ್ಲಿಂದ ತರುತ್ತೀರಿ? ಸಂಬಳಕ್ಕಾಗಿ ಯಾವ ಕೆಲಸವನ್ನಾದರೂ ಮಾಡುವ ಬಾಡಿಗೆಯವರಿಂದ ಇದು ಆಗುವುದಿಲ್ಲ. ಈ ಜನರ ಬಗ್ಗೆ ಪ್ರೀತಿ ಇರುವವರೇ ಬೇಕು. ಅಂಥವರು ಅಸ್ಪೃಶ್ಯರ ನಡುವೆಯೇ ಸಿಗುವ ಸಂಭವ ಹೆಚ್ಚು. ಆದ್ದರಿಂದ ಅವರನ್ನು ತಗೊಳ್ಳಿ ಎಂಬುದು ಅವರ ವಾದ. ಹಾಗಂತ ನಮ್ಮವರೆಲ್ಲ ಸತ್ಯಹರಿಶ್ಚಂದ್ರರು ಅಂತ ಅವರೇನೂ ಹೇಳಲಿಲ್ಲ. ಸಮಾಜಸೇವೆಯನ್ನು ಹೊಟ್ಟೆಪಾಡು ಮಾಡಿಕೊಂಡ ಪುಂಡರು ದಲಿತರಲ್ಲೂ ಇದ್ದಾರೆ ಎಂದು ಅದೇ ಪತ್ರದಲ್ಲಿ ಒಪ್ಪಿಕೊಂಡೇ ಮುಂದೆ ಹೋದರು. ಈ ಒಪ್ಪಿಗೆ ನನಗೆ ಬಹಳ ಮುಖ್ಯ. ನೇಮಕದಲ್ಲಿ ನ್ಯಾಯ ಕೇಳುವವನು ತನ್ನ ಜಾತಿಯವರ ಚಾರಿತ್ರ್ಯಕ್ಕೆ ಜಾಮೀನು ನಿಲ್ಲಬೇಕಾಗಿಲ್ಲ ಅಂತ ಅದು ಹೇಳುತ್ತದೆ. ಬ್ರಾಹ್ಮಣ ಗುಮಾಸ್ತನೊಬ್ಬ ಲಂಚ ತಿಂದರೆ ಬ್ರಾಹ್ಮಣರಿಗೆಲ್ಲ ಗುಮಾಸ್ತಿಕೆ ಕೊಡಬಾರದು ಅಂತ ಯಾರೂ ವಾದಿಸಿದ್ದನ್ನು ನಾನು ಕೇಳಿಲ್ಲ.

ಆ ಪತ್ರ ತಲುಪಿತೆಂಬ ಒಂದು ಸಾಲೂ ತಮಗೆ ಬರಲಿಲ್ಲವೆಂದು ಅಂಬೇಡ್ಕರ್ 1945ರ ‘ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು’ ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. ಸಂಘ ಅವರು ಬೇಡವೆಂದ ದಾರಿಯನ್ನೇ ಹಿಡಿಯಿತು: ವಿದ್ಯಾರ್ಥಿವೇತನ, ಹಾಸ್ಟೆಲು, ಬೇರೆ ಬಾವಿ, ಔಷಧಿ. ಅವರು ಹೊರಬಂದರು. ಆಮೇಲೆ, ಆಡಳಿತ ಮಂಡಳಿಯಲ್ಲಿ ನಮಗೂ ಜಾಗ ಕೊಡಿ ಅಂತ ದಲಿತರೇ ಗಾಂಧೀಜಿಯ ಹತ್ತಿರ ಹೋಗಿ ಕೇಳಿದಾಗ ಬಂದ ಉತ್ತರ ಚರಿತ್ರೆಯಲ್ಲಿ ಉಳಿದಿದೆ. ಅದರ ಸಾರ ಇಷ್ಟು. ಅಸ್ಪೃಶ್ಯತೆ ಸವರ್ಣರು ಮಾಡಿದ ಪಾಪ, ಸಂಘ ಅವರ ಪ್ರಾಯಶ್ಚಿತ್ತದ ಸಾಧನ. ಅವರು ಸಾಲಗಾರರು, ನೀವು ಸಾಲ ಕೊಟ್ಟವರು. ಸಾಲ ತೀರಿಸುವ ಕೆಲಸ ಸಾಲಗಾರನದೇ, ಆದ್ದರಿಂದ ಮಂಡಳಿಯನ್ನು ಅವರೇ ನಡೆಸಬೇಕು. ನೀವು ಬೇಕಾದರೆ ಸಲಹಾ ಸಮಿತಿ ಮಾಡಿಕೊಂಡು ಸಲಹೆ ಕೊಡಿ, ಕೆಲಸ ಹೇಗಾಗುತ್ತಿದೆ ನೋಡಿ.

ಮೊದಲ ಬಾರಿ ಓದಿದಾಗ ಈ ತರ್ಕ ಎಷ್ಟು ವಿನಯದಿಂದ ಕೂಡಿದೆಯಲ್ಲಾ ಅನ್ನಿಸುತ್ತದೆ. ದೊಡ್ಡವನು ತಾನು ಸಾಲಗಾರ ಅಂತ ತಲೆ ತಗ್ಗಿಸಿ ನಿಂತಿದ್ದಾನೆ. ಆದರೆ ಸಾಲ ಎಂದರೇನೆಂದು ನಮ್ಮ ಕೇರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ನಮ್ಮ ತಾತ ಒಂದು ಪಲ್ಲ ರಾಗಿಗೆ ಜೀತಕ್ಕೆ ಸೇರಿದವರು. ರಾಗಿ ಎಷ್ಟು ಕೊಟ್ಟೆ, ಎಷ್ಟು ವರ್ಷ ಕಳೆಯಿತು, ಇನ್ನೆಷ್ಟು ಉಳಿಯಿತು ಎಂಬುದೆಲ್ಲ ಧಣಿಯ ಪುಸ್ತಕದಲ್ಲಿತ್ತು. ತಾತನದ್ದು ಅಂತ ಅದರಲ್ಲಿ ಇದ್ದದ್ದು ಹೆಬ್ಬೆಟ್ಟು ಒಂದೇ. ಅಲ್ಲಿ ಸಾಲ ಕೊಟ್ಟವನು ಲೆಕ್ಕ ಇಡುತ್ತಿದ್ದ. ಸರಿ, ಅದು ಲೋಕರೂಢಿ ಅನ್ನೋಣ. ಈಗ ದಲಿತರೇ ಸಾಲ ಕೊಟ್ಟವರು ಅಂತ ಒಪ್ಪಿಕೊಂಡ ಮೇಲೆ ಆ ರೂಢಿಯ ಪ್ರಕಾರ ಪುಸ್ತಕ ನಮ್ಮ ಕೈಗೆ ಬರಬೇಕಿತ್ತು. ಬರಲಿಲ್ಲ. ನಾವು ಸಾಲ ತಗೊಂಡಾಗ ಲೆಕ್ಕ ಕೊಟ್ಟವನ ಕೈಯಲ್ಲಿ, ಅವರು ಸಾಲ ತಗೊಂಡಾಗ ಲೆಕ್ಕ ತಗೊಂಡವನ ಕೈಯಲ್ಲಿ. ಜೀತವನ್ನು 1975ರ ಸುಗ್ರೀವಾಜ್ಞೆ, 1976ರ ಕಾಯ್ದೆ ತೆಗೆದುಹಾಕಿದವು. ಪುಸ್ತಕದ ಈ ನಿಯಮವನ್ನು ಯಾವ ಕಾಯ್ದೆಯೂ ಮುಟ್ಟಿಲ್ಲ.

ಗಾಂಧೀಜಿಯನ್ನು ಇಲ್ಲಿಗೇ ಮುಗಿಸಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. 1933ರ ನವೆಂಬರಿನಿಂದ 1934ರ ಜುಲೈ ಕೊನೆಯವರೆಗೆ ಅವರು ದೇಶ ಸುತ್ತಿ ಹರಿಜನ ನಿಧಿಗೆ ಸುಮಾರು ಎಂಟು ಲಕ್ಷ ರೂಪಾಯಿ ಕೂಡಿಸಿದರು. ನಮ್ಮ ಕಡೆಗೂ 1934ರ ಮೊದಲ ತಿಂಗಳುಗಳಲ್ಲಿ ಬಂದುಹೋದರು. ತಮ್ಮ ರುಜುವಿಗೆ ಐದು ರೂಪಾಯಿ ಬೆಲೆ ಕಟ್ಟಿ ಮಾರಿದರು, ಹೆಂಗಸರ ಮೈಮೇಲಿನ ಒಡವೆ ಕೇಳಿ ತಗೊಂಡರು. ಸನಾತನಿಗಳು ಕಪ್ಪು ಬಾವುಟ ಹಿಡಿದರು. ದಾನ ಮಾಡುವ ಸವರ್ಣನ ಮನಸ್ಸು ಆ ಯಾತ್ರೆಯಲ್ಲಿ ಒಂದಿಷ್ಟು ಅಲುಗಾಡಿತು ಅನ್ನುವುದನ್ನು ನಾನು ನಿರಾಕರಿಸುವುದಿಲ್ಲ. ಡಿ.ಆರ್. ನಾಗರಾಜ್ 1993ರಲ್ಲಿ ಈ ಮುಖಾಮುಖಿಯನ್ನು ಆತ್ಮಶುದ್ಧಿ ಮತ್ತು ಆತ್ಮಗೌರವಗಳ ನಡುವಿನ ಮುಖಾಮುಖಿಯಾಗಿ ಓದಿದರು. ಆ ಜಗಳದಿಂದ ಇಬ್ಬರೂ ಬದಲಾದರು ಎಂಬುದು ಅವರ ಒಳನೋಟ. ಕನ್ನಡದ ದಲಿತ ಚಿಂತನೆ ಅದರಿಂದ ಬಹಳ ಕಲಿತಿದೆ. ಆದರೆ ಆತ್ಮದ ಭಾಷೆಯಲ್ಲಿ ಓದಿದಾಗ ಚೆಕ್ಕಿಗೆ ಯಾರು ಸಹಿ ಹಾಕುತ್ತಾರೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಆತ್ಮಶುದ್ಧಿಗೂ ಒಂದು ಕಚೇರಿ ಇತ್ತು, ಅದಕ್ಕೊಬ್ಬ ಗುಮಾಸ್ತ ಇದ್ದ, ಅವನಿಗೆ ಸಂಬಳ ಇತ್ತು.

ಬೇರೆ ರೀತಿ ಆಗಲು ಸಾಧ್ಯವೇ ಇರಲಿಲ್ಲವೆ? ಇತ್ತು, ಆಗಿಯೂ ಇತ್ತು. 1924ರ ಜುಲೈ 20ರಂದು ಮುಂಬಯಿಯಲ್ಲಿ ಸ್ಥಾಪನೆಯಾದ ಬಹಿಷ್ಕೃತ ಹಿತಕಾರಿಣಿ ಸಭೆಯ ರಚನೆಯನ್ನು ನೋಡಬೇಕು. ಅದರ ಅಧ್ಯಕ್ಷರು ಸರ್ ಚಿಮನ್‌ಲಾಲ್ ಸೆಟಲ್ವಾಡ್. ಉಪಾಧ್ಯಕ್ಷರಲ್ಲಿ ಆರ್.ಪಿ. ಪರಾಂಜಪೆ, ಬಿ.ಜಿ. ಖೇರ್ ಮುಂತಾದ ಗಣ್ಯರು. ಇದನ್ನು ಮಾತ್ರ ಓದಿದವರು ಇದೂ ಅದೇ ಕತೆ ಅನ್ನಬಹುದು. ಆದರೆ ಕೆಲಸ ನಡೆಸುವ ವ್ಯವಸ್ಥಾಪಕ ಸಮಿತಿಯ ಅಧ್ಯಕ್ಷರು ಅಂಬೇಡ್ಕರ್, ಕಾರ್ಯದರ್ಶಿ ಶಿವತರ್ಕರ್, ಖಜಾಂಚಿ ಜಾಧವ್. ದೊಡ್ಡವರ ಹೆಸರು ಕಾಗದದ ತಲೆಯ ಮೇಲೆ, ಲೆಕ್ಕದ ಪುಸ್ತಕ ದಲಿತರ ಕೈಯಲ್ಲಿ. ಮರುವರ್ಷವೇ ಸೋಲಾಪುರದಲ್ಲಿ ವಿದ್ಯಾರ್ಥಿಗಳ ಹಾಸ್ಟೆಲು ತೆರೆಯಿತು, ಅದಕ್ಕೆ ಅಲ್ಲಿನ ಪುರಸಭೆಯೂ ನೆರವು ಕೊಟ್ಟಿತು. ಆ ಗಣ್ಯರು ದುಡ್ಡು, ಹೆಸರು ಎರಡನ್ನೂ ಕೊಟ್ಟು ದೂರ ನಿಂತರು. ನಂಬಿಕೆ ಎಂದರೆ ಅದು. ಎಂಟು ವರ್ಷಗಳ ಆಮೇಲೆ ಹಡಗಿನಲ್ಲಿ ಕೂತು ಪತ್ರ ಬರೆದವರಿಗೆ ಈ ಅನುಭವ ಬೆನ್ನ ಹಿಂದೆ ಇತ್ತು. ಅವರು ಕೇಳಿದ್ದು ಕನಸಿನ ಮಾತಲ್ಲ.

ಇದೆಲ್ಲ ಮುಂಬಯಿಯ ಕತೆ ಅನ್ನಬೇಡಿ. ಅಂಬೇಡ್ಕರ್‌ಗಿಂತ ಹಿಂದಿನ ‘ಉದ್ಧಾರ’ದ ಸಂಸ್ಥೆಗಳ ಬೇರು ನಮ್ಮ ನೆಲದಲ್ಲೇ ಇದೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರುಮಾಡಿದ್ದು 1897ರಲ್ಲಿ. 1906ರಲ್ಲಿ ಮುಂಬಯಿಯಲ್ಲಿ ಅದೇ ಹೆಸರಿನ ಸಂಸ್ಥೆ ಕಟ್ಟಿದ ವಿಠ್ಠಲ ರಾಮಜಿ ಶಿಂದೆ ಜಮಖಂಡಿಯವರು, ಅದರ ಅಧ್ಯಕ್ಷರಾಗಿದ್ದ ನಾರಾಯಣ ಚಂದಾವರ್ಕರ್ ಹೊನ್ನಾವರದವರು. ಜಾತಿಯಿಂದ ಹೊರಗೆ ಹಾಕಿಸಿಕೊಂಡು ಕೆಲಸ ಮಾಡಿದ ರಂಗರಾಯರ ಬಗ್ಗೆ ನನಗೆ ಗೌರವವಿದೆ. ತಾವು ಓದಿಸಿದ ಹುಡುಗನೊಬ್ಬ ಸರ್ಕಾರಿ ಅಧಿಕಾರಿಯಾಗಿ ಓಡಾಡುವ ವಾಹನದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕೆಂದು ಅವರು ಬಯಸಿದ್ದರೆಂದು ಇವತ್ತಿಗೂ ಕರಾವಳಿಯಲ್ಲಿ ನೆನೆಯುತ್ತಾರೆ. ಆ ಬಯಕೆಯಲ್ಲಿ ಬಂದಿರುವುದು ಸರ್ಕಾರದ ನೌಕರಿ. ಯಾಕೆಂದರೆ ಅಂಗಡಿ, ಬ್ಯಾಂಕು, ಮಠ, ಸಂಘಸಂಸ್ಥೆ ಯಾವುದರ ಬಾಗಿಲೂ ಆ ಹುಡುಗನಿಗೆ ತೆರೆಯುವ ಭರವಸೆ ಆಗ ಇರಲಿಲ್ಲ. ಶಿಂದೆಯವರಿಗೂ ಅಂಬೇಡ್ಕರ್‌ಗೂ 1920ರ ನಾಗಪುರ ಸಮ್ಮೇಳನದಲ್ಲಿ ಬಿದ್ದ ಜಗಳವೂ ಇದೇ ಜಾತಿಯದು: ಶಾಸನಸಭೆಯಲ್ಲಿ ಅಸ್ಪೃಶ್ಯರ ಪ್ರತಿನಿಧಿಯನ್ನು ಆರಿಸುವವರು ಸವರ್ಣ ಸದಸ್ಯರೋ, ಅಸ್ಪೃಶ್ಯರೋ?

ಸರ್ಕಾರಿ ನೌಕರಿಯ ಬಾಗಿಲಾದರೂ ತಾನಾಗಿ ತೆರೆಯಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. 1921ರ ಆದೇಶ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೆಯ ಎರಡು ಭಾಗ ಹಿಂದುಳಿದ ಕೋಮುಗಳಿಗೆ ಸಿಗಬೇಕೆಂಬ ಗುರಿ ಇಟ್ಟಿತು. ಆಗ ಎದ್ದ ದೊಡ್ಡ ಆಕ್ಷೇಪ ‘ದಕ್ಷತೆ’ಯದು. ದಿವಾನ್ ವಿಶ್ವೇಶ್ವರಯ್ಯನವರ ನಿರ್ಗಮನಕ್ಕೂ ಈ ವಿವಾದಕ್ಕೂ ಇರುವ ನಂಟು ಎಲ್ಲರಿಗೂ ಗೊತ್ತಿರುವುದೇ. ಆದೇಶದ ಫಲ ಹೆಚ್ಚಾಗಿ ಭೂಮಿಯಿದ್ದ ದೊಡ್ಡ ಕೋಮುಗಳಿಗೆ ಹೋಯಿತು, ನಮ್ಮ ಪಾಲಿಗೆ ಬಂದದ್ದು ಅತ್ಯಲ್ಪ. ಆದರೂ ಗುರಿ, ಪ್ರಮಾಣ, ಗಡುವು ಮೂರೂ ಇದ್ದ ಆದೇಶ ಅದು. ನೂರು ವರ್ಷದ ಆಮೇಲೆ ಇವತ್ತಿನ ಎಷ್ಟು ಸೇವಾಸಂಸ್ಥೆಗಳು ಇಂಥದೊಂದು ಕಾಗದವನ್ನು ಗೋಡೆಗೆ ಅಂಟಿಸಿಕೊಂಡಿವೆ? ಸಂವಿಧಾನದ 16(4)ನೆಯ ವಿಧಿ ಸರ್ಕಾರಿ ಹುದ್ದೆಗಳಿಗೆ ಸಂಬಂಧಿಸಿದ್ದು. ಟ್ರಸ್ಟು, ಸೊಸೈಟಿಗಳು ಅದರ ಬೇಲಿಯ ಆಚೆ. ದಲಿತರ ಹೆಸರಿನಲ್ಲೇ ದುಡ್ಡು ತರುವ ಸಂಸ್ಥೆಗೂ ದಲಿತನೊಬ್ಬನನ್ನು ಕೆಲಸಕ್ಕೆ ತಗೊಳ್ಳಬೇಕೆಂಬ ಕಾನೂನಿನ ಕಟ್ಟಳೆ ಇಲ್ಲ.

ಎಪ್ಪತ್ತರ, ಎಂಬತ್ತರ ದಶಕಗಳಲ್ಲಿ ನಮ್ಮ ಚಳವಳಿಗೆ ಈ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಯಿತು. ದಲಿತ ಸಂಘರ್ಷ ಸಮಿತಿ ಬೆಳೆದದ್ದು ಚಂದಾ ದುಡ್ಡಿನಲ್ಲಿ, ಹಾಸ್ಟೆಲ್ ಹುಡುಗರ ಅನ್ನದಲ್ಲಿ, ಮೇಷ್ಟರುಗಳ ಸಂಬಳದಲ್ಲಿ. ಸಭೆಗಳಲ್ಲಿ ‘ಫಾರಿನ್ ಫಂಡು’ ಅನ್ನೋದು ಒಂದು ಬೈಗುಳವೇ ಆಗಿತ್ತು. ಅದಕ್ಕೆ ಕಾರಣಗಳೂ ಇದ್ದವು: ಹೋರಾಟ ಮಾಡುವ ಹುಡುಗನನ್ನು ದುಡ್ಡು ತಣ್ಣಗಾಗಿಸುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಆ ಬೈಗುಳ ಯಾರಿಗೆ ತಾಗುತ್ತಿತ್ತು ಅಂತ ನೋಡಿ. ಡಿಗ್ರಿ ಮುಗಿಸಿ, ಮನೆಯಲ್ಲಿ ತಂಗಿಯರಿದ್ದು, ಎಂಟುನೂರು ರೂಪಾಯಿಯ ಕೆಲಸಕ್ಕೆ ಸೇರಿದ ಕೇರಿಯ ಹುಡುಗನಿಗೆ. ಸಂಸ್ಥೆಯ ಮೇಲೆ ಕೂತಿದ್ದ ಮೇಲ್ಜಾತಿಯ ಪ್ರಗತಿಪರರು ನಮ್ಮ ವೇದಿಕೆಗಳಲ್ಲಿ ‘ಸಂಗಾತಿ’ಗಳಾಗಿಯೇ ಉಳಿದರು.

ನಾನೂ ತೊಂಬತ್ತರ ದಶಕದಲ್ಲಿ ಕೋಲಾರದ ಕಡೆ ಅಂಥದೊಂದು ಸಂಸ್ಥೆಯಲ್ಲಿ ಮೂರು ವರ್ಷ ‘ಆನಿಮೇಟರ್’ ಆಗಿ ದುಡಿದೆ. ಸಂದರ್ಶನದಲ್ಲಿ ಕೇಳಿದ್ದು ಎರಡೇ ಪ್ರಶ್ನೆ: “ನಿಮ್ಮ ತಂದೆ ಏನು ಮಾಡ್ತಾರಪ್ಪಾ? ಇಂಗ್ಲಿಷಿನಲ್ಲಿ ರಿಪೋರ್ಟ್ ಬರೀತೀಯಾ?” ಕೂಲಿ ಅಂದೆ, ಇಲ್ಲ ಅಂದೆ. ಕೇರಿಗೆ ಹೋಗುವ ಆನಿಮೇಟರುಗಳೆಲ್ಲ ನಾವೇ, ಹೊಲೆಯರು, ಮಾದಿಗರು. ಕೋಆರ್ಡಿನೇಟರು, ಅಕೌಂಟೆಂಟು, ಡೈರೆಕ್ಟರು ಬೇರೆಯವರು. ಸಂಸ್ಥೆ ಇದನ್ನು ಅನ್ಯಾಯ ಅಂತ ತಿಳಿದಿರಲಿಲ್ಲ. ಕೇರಿಯ ಜನರನ್ನು ಕೇರಿಯವರೇ ಚೆನ್ನಾಗಿ ಬಲ್ಲರು ಎಂಬ ಹೆಮ್ಮೆಯ ಮಾತಾಗಿ ಅದು ವರದಿಯಲ್ಲಿ ಬರುತ್ತಿತ್ತು. ನಾವು ಎರಡು ರೂಪಾಯಿ ಬಸ್ ಟಿಕೆಟನ್ನೂ ಹಾಳೆಗೆ ಅಂಟಿಸಿ ವೋಚರ್ ಬರೆಯಬೇಕಿತ್ತು. ಟಿಕೆಟ್ ಕಳೆದುಹೋದರೆ ದುಡ್ಡು ಹೋಯಿತು, ಜತೆಗೆ ಒಂದು ನೋಟ. ಆ ನೋಟವನ್ನು ನಾನು ಊರಗೌಡರ ಕಣದಲ್ಲೂ ಕಂಡಿದ್ದೆ. ಇದು ವ್ಯಕ್ತಿಗಳ ದುಷ್ಟತನವಲ್ಲ. ಅವರಲ್ಲಿ ಒಳ್ಳೆಯವರಿದ್ದರು, ನನಗೆ ಪುಸ್ತಕ ಕೊಟ್ಟು ಓದಿಸಿದವರೂ ಇದ್ದರು. 1932ರಲ್ಲಿ ಹಾಕಿದ ಮೇಲುಕೀಳಿನ ನಕಾಶೆ ಅದು: ಮೇಲೆ ಸಾಲಗಾರ, ಕೆಳಗೆ ಸಲಹೆಗಾರ.

ಹೀಗೆ ಆಗುವುದು ಆಕಸ್ಮಿಕವಲ್ಲವೆಂದು ತೋರಿಸುವ ಅಧ್ಯಯನಗಳೂ ಈಗ ನಮ್ಮ ಮುಂದಿವೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟ್‌ವೆಲ್ ಪತ್ರಿಕೆಗಳ ಜಾಹೀರಾತಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಿ ನೋಡಿದರು. 2007ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಸುಮಾರು ಮೂರನೆಯ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೆಯ ಒಂದರಷ್ಟು. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಕಂಪನಿಗಳ ನೇಮಕಾಧಿಕಾರಿಗಳನ್ನು ಮಾತಾಡಿಸಿದರು. ನಾವು ಜಾತಿ ನೋಡುವುದಿಲ್ಲ, ಪ್ರತಿಭೆ ನೋಡುತ್ತೇವೆ ಅಂದವರೇ ಅಭ್ಯರ್ಥಿಯ ‘ಕುಟುಂಬದ ಹಿನ್ನೆಲೆ’ ಬಹಳ ಮುಖ್ಯ ಅಂತಲೂ ಹೇಳಿದರು. ಇವು ಖಾಸಗಿ ಕಂಪನಿಗಳ ಅಧ್ಯಯನ, ಸೇವಾಸಂಸ್ಥೆಗಳದಲ್ಲ. ಆದರೆ ತಂದೆ ಏನು ಮಾಡ್ತಾರಪ್ಪಾ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಈಗಿನ ಜಾಹೀರಾತುಗಳಲ್ಲಿ ‘ನಿರರ್ಗಳ ಇಂಗ್ಲಿಷ್’, ‘ಪ್ರತಿಷ್ಠಿತ ಸಂಸ್ಥೆಯ ಪದವಿ’ ಅಂತ ಬರೆಯುತ್ತಾರೆ. ಸಂಬಳ ಎಷ್ಟೆಂದು ಬರೆಯುವುದಿಲ್ಲ. ಕೇಳಿ ತಿಳಿದುಕೊಳ್ಳುವ ಪರಿಚಯ ಉಳ್ಳವನಿಗೆ ಅದು ತೊಂದರೆಯಲ್ಲ. ಮೊದಲ ತಲೆಮಾರಿನ ಪದವೀಧರೆ ಕೊಟ್ಟಷ್ಟು ತಗೊಂಡು ಸುಮ್ಮನಾಗುತ್ತಾಳೆ.

ಇನ್ನು ದುಡ್ಡು ಕೊಡುವವರ ವಿಷಯ. ಸಂಸ್ಥೆ ಕೇರಿಯ ಹುಡುಗನಿಗೆ ಮಾಡುವುದನ್ನೇ ದಾನಿ ಸಂಸ್ಥೆಗೆ ಮಾಡುತ್ತಾನೆ ಅನ್ನುವುದು ಆ ಮೂರು ವರ್ಷ ಕಲಿಸಿದ ಪಾಠ. ನಮ್ಮ ಡೈರೆಕ್ಟರು ನಮ್ಮ ಟಿಕೆಟ್ ಕೇಳುತ್ತಿದ್ದರೆ, ಅವರ ಹತ್ತಿರ ವಿದೇಶದವರು ಲಾಗ್‌ಫ್ರೇಮ್ ಕೇಳುತ್ತಿದ್ದರು. ಎಷ್ಟು ಸಭೆ, ಎಷ್ಟು ‘ಫಲಾನುಭವಿ’, ಮೂರು ವರ್ಷದಲ್ಲಿ ಜಾತೀಯತೆ ಎಷ್ಟು ಇಳಿಯುತ್ತದೆ? ಅಪನಂಬಿಕೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ, ಕೆಳಗಿರುವವನ ಮೇಲೆ ಅದರ ಪೂರ್ತಿ ಭಾರ. ಇದರ ಮೇಲೆ ಸರ್ಕಾರದ ಅಪನಂಬಿಕೆ ಬೇರೆ. ವಿದೇಶಿ ವಂತಿಗೆ ಕಾಯ್ದೆ ಬಂದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ. 2010ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. 2020ರ ಸೆಪ್ಟೆಂಬರಿನ ತಿದ್ದುಪಡಿ ಮೂರು ಕೆಲಸ ಮಾಡಿತು: ವಿದೇಶಿ ದುಡ್ಡು ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ, ಆಡಳಿತ ವೆಚ್ಚದ ಮಿತಿ ಶೇಕಡ 50ರಿಂದ 20ಕ್ಕೆ ಇಳಿಯಿತು, ದುಡ್ಡು ದೆಹಲಿಯ ಒಂದೇ ಬ್ಯಾಂಕ್ ಶಾಖೆಯ ಖಾತೆಗೆ ಬರಬೇಕಾಯಿತು. ಮೊದಲನೆಯದರ ಪೆಟ್ಟು ಯಾರಿಗೆ ಬಿತ್ತು ಅಂತ ಯೋಚಿಸಿ. ತಾಲ್ಲೂಕು ಮಟ್ಟದ ಸಣ್ಣ ದಲಿತ ಸಂಘಗಳಿಗೆ. ಅವು ಬದುಕುತ್ತಿದ್ದದ್ದು ಬೆಂಗಳೂರಿನ ಅಥವಾ ದೆಹಲಿಯ ದೊಡ್ಡ ಸಂಸ್ಥೆಯ ಮೂಲಕ ಬರುತ್ತಿದ್ದ ಸಣ್ಣ ಮೊತ್ತದಲ್ಲಿ. ಆ ಕಾಲುವೆ ಮುಚ್ಚಿದ ಮೇಲೆ ದುಡ್ಡು ದೊಡ್ಡ ಸಂಸ್ಥೆಯಲ್ಲೇ ನಿಂತಿತು. ಸಣ್ಣ ಸಂಘದ ಮುಂದಾಳು ಅಲ್ಲಿಗೆ ನೌಕರನಾಗಿ ಹೋಗಬೇಕು, ಇಲ್ಲವೆ ಬಾಗಿಲು ಹಾಕಬೇಕು.

ಸ್ವದೇಶಿ ದುಡ್ಡಾದರೂ ಇದೆಯಲ್ಲಾ ಅನ್ನುತ್ತೀರಿ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇಕಡ 2ನ್ನು ಸಮಾಜಕಾರ್ಯಕ್ಕೆ ಖರ್ಚುಮಾಡಬೇಕು. ನಿಯಮ ಏನು ಹೇಳುತ್ತದೆ? ಹೊರಗಿನ ಸಂಸ್ಥೆಗೆ ಕೊಡುವುದಾದರೆ ಅದಕ್ಕೆ ಅಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. ಕಂಪನಿ ತಾನೇ ಹುಟ್ಟುಹಾಕಿದ ಟ್ರಸ್ಟಿಗೆ ಈ ಷರತ್ತಿಲ್ಲ. ಧಣಿಯ ಮಗ ನಿನ್ನೆ ಹುಟ್ಟಿದರೂ ಅನುಭವಿ. ಕೇರಿಯವನು ಮೊದಲು ದುಡ್ಡಿಲ್ಲದೆ ಮೂರು ವರ್ಷ ದುಡಿದು ತೋರಿಸಬೇಕು. 1918ರ ‘ದಕ್ಷತೆ’ ಈಗ ‘ಕೆ‌ಪಾಸಿಟಿ’ ಆಗಿದೆ, ಅದನ್ನು ‘ಕಟ್ಟುವ’ ತರಬೇತಿಗೂ ಬೇರೆಯವರಿಗೇ ದುಡ್ಡು.

ದಲಿತ ಸಂಘಟನೆಗಳು ಈ ಪ್ರಶ್ನೆಯನ್ನು ಅಂತರರಾಷ್ಟ್ರೀಯವಾಗಿ ಎತ್ತಿದ್ದೂ ಉಂಟು. 2001ರ ಡರ್ಬನ್ ಸಮ್ಮೇಳನದ ಆಮೇಲಿನ ಹುಮ್ಮಸ್ಸಿನಲ್ಲಿ, 2006ರಲ್ಲಿ, ಅಂತರರಾಷ್ಟ್ರೀಯ ದಲಿತ ಐಕ್ಯತಾ ಜಾಲ ‘ಅಂಬೇಡ್ಕರ್ ತತ್ತ್ವಗಳು’ ಎಂಬ ನೇಮಕಾತಿ ಸೂತ್ರಗಳನ್ನು ಹೊರತಂದಿತು. ದಕ್ಷಿಣ ಏಷ್ಯಾದಲ್ಲಿ ಬಂಡವಾಳ ಹೂಡುವ ವಿದೇಶಿ ಕಂಪನಿಗಳು ಜಾತಿ ತಾರತಮ್ಯ ಮಾಡದೆ ಹೇಗೆ ಕೆಲಸ ಕೊಡಬೇಕು ಎಂಬುದು ಅದರ ವಿಷಯ. ಒಳ್ಳೆಯ ಕೆಲಸ. ಆದರೆ ಅಂಬೇಡ್ಕರ್ ಈ ಪ್ರಶ್ನೆಯನ್ನು ಮೊದಲು ಬರೆದು ಕಳಿಸಿದ್ದು ಸೇವಾಸಂಸ್ಥೆಯ ವಿಳಾಸಕ್ಕೆ ಎಂಬುದನ್ನು ಮರೆಯಬಾರದು. ಬಂಡವಾಳ ಹೂಡುವವನಿಗೆ ಇರುವ ಸೂತ್ರ ದಾನ ಮಾಡುವವನಿಗೆ ಯಾಕಿಲ್ಲ? ತನ್ನ ದುಡ್ಡು ಪಡೆಯುವ ಸಂಸ್ಥೆಯಲ್ಲಿ ಸಹಿ ಹಾಕುವ ಅಧಿಕಾರ ಯಾವ ಜಾತಿಯವರ ಹತ್ತಿರ ಇದೆ, ಮೇಲಿನ ಸಂಬಳಕ್ಕೂ ಕೆಳಗಿನ ಸಂಬಳಕ್ಕೂ ಎಷ್ಟು ಅಂತರ ಅಂತ ಅವನು ಒಂದು ಸಾಲು ಕೇಳಿದರೆ ಸಾಕು. ಬಸ್ ಟಿಕೆಟ್ ಕೇಳುವುದಕ್ಕಿಂತ ಅದು ಸುಲಭ.

ನಮ್ಮವರೂ ತಿಂತಾರಲ್ಲಾ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ತಿಂದವರಿದ್ದಾರೆ; ಅದಕ್ಕೆ 1932ರ ಪತ್ರದಲ್ಲೇ ಉತ್ತರ ಇದೆ ಅಂತ ಆಗಲೇ ಹೇಳಿದೆ. ನನ್ನ ಕಷ್ಟ ಬೇರೆ. ದಲಿತರೇ ನಡೆಸುವ ಸಂಸ್ಥೆಗಳಲ್ಲಿ ಗಂಡಸರು ಕುರ್ಚಿಯಲ್ಲಿ, ಹೆಂಗಸರು ಹಳ್ಳಿ ಸುತ್ತುವ ಕೆಲಸದಲ್ಲಿ ಇರುವುದನ್ನು ಕಂಡಿದ್ದೇನೆ. ಬಲಗೈಯವರು ಕಟ್ಟಿದ್ದರಲ್ಲಿ ಎಡಗೈಯವರಿಗೆ, ಇಬ್ಬರೂ ಕಟ್ಟಿದ್ದರಲ್ಲಿ ಪೌರಕಾರ್ಮಿಕರ ಮಕ್ಕಳಿಗೆ, ಅಲೆಮಾರಿಗಳಿಗೆ ಜಾಗ ಇಲ್ಲದ್ದನ್ನೂ ಕಂಡಿದ್ದೇನೆ. ಒಳವರ್ಗೀಕರಣ ಮಾಡಬಹುದೆಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ಹೇಳಿದ್ದು ಸರ್ಕಾರದ ಮೀಸಲಾತಿಗೆ. ನಮ್ಮ ಸಂಘಗಳ ಸಂಬಳದ ಪಟ್ಟಿಗೆ ಆ ತೀರ್ಪು ತಟ್ಟುವುದಿಲ್ಲ. ಅಲ್ಲಿ ತೀರ್ಪು ಕೊಡಬೇಕಾದವರು ನಾವೇ, ಸವರ್ಣ ಸಂಸ್ಥೆಗೆ ಕೇಳಿದ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳಿಕೊಳ್ಳಬೇಕು.

ನಂಬಿಕೆ ಅಂದರೆ ಲೆಕ್ಕ ಕೇಳದಿರುವುದು ಅಂತ ಅರ್ಥ ಮಾಡಿಕೊಂಡರೆ ಕೆಟ್ಟೆವು. ಕೇರಿಯ ಹೆಂಗಸರ ಚೀಟಿ ವ್ಯವಹಾರ ನೋಡಿ. ರುಜು ಇಲ್ಲ, ಆಡಿಟರ್ ಇಲ್ಲ, ಆದರೆ ಯಾರು ಎತ್ತಿದರು, ಯಾರದು ಬಾಕಿ ಅನ್ನೋದು ಇಪ್ಪತ್ತು ಜನಕ್ಕೂ ಬಾಯಿಪಾಠ. ಎಲ್ಲರಿಗೂ ಲೆಕ್ಕ ಗೊತ್ತಿರುವುದರಿಂದಲೇ ಅಲ್ಲಿ ನಂಬಿಕೆ ನಿಂತಿದೆ. ಮಾಲೂರಿನ ಕಡೆ ಒಂದು ಹಳ್ಳಿಯಲ್ಲಿ, ಕೆಲವು ವರ್ಷದ ಹಿಂದೆ, ಸಂಸ್ಥೆಯೊಂದು ತನ್ನ ಬಜೆಟ್ಟನ್ನು ಕನ್ನಡದಲ್ಲಿ ಬರೆಸಿ ಮಹಿಳಾ ಸಂಘದ ಸಭೆಯಲ್ಲಿ ಓದಿಸಿತು. ನಾನು ಹಿಂದುಗಡೆ ಕೂತಿದ್ದೆ. ವಾಹನ, ಬಾಡಿಗೆ, ಸಲಹೆಗಾರರ ಶುಲ್ಕ ಅಂತ ಓದುತ್ತಾ ಹೋದರು. ಸಲಹೆಗಾರರ ಶುಲ್ಕದ ಹತ್ತಿರ ಒಬ್ಬ ಮುದುಕಿ ಕೈ ಎತ್ತಿ ನಿಲ್ಲಿಸಿದರು. “ಅದ್ಯಾರಮ್ಮಾ ಸಲಹೆ ಕೊಡೋರು? ನಮ್ಮೂರಿಗೆ ಯಾವತ್ತು ಬಂದಿದ್ರು?” ಓದುತ್ತಿದ್ದ ಹುಡುಗಿ ಕಾಗದ ತಿರುಗಿಸಿ ನೋಡಿ, ಬೆಂಗಳೂರಿನವರಂತೆ ಅಜ್ಜಿ, ವರದಿ ಬರೆದುಕೊಡ್ತಾರಂತೆ ಅಂದಳು. ಯಾರ ಬಗ್ಗೆ ಬರೀತಾರೆ ಅಂತ ಅಜ್ಜಿ ಕೇಳಿದರು. ನಮ್ಮ ಬಗ್ಗೆನೇ ಅಂತ ಹುಡುಗಿ ಹೇಳಿದಾಗ ಸಭೆ ನಕ್ಕಿತು. ಆಮೇಲೆ ಆ ಸಾಲಿಗೆ ಒಪ್ಪಿಗೆ ಕೊಡಬೇಕೋ ಬೇಡವೋ ಎಂಬ ಮಾತು ಕತ್ತಲಾಗುವ ತನಕ ನಡೆಯಿತು.